ಮೊದಲ 1000 ಕಿ.ಮೀ.: ನಲವತ್ತರ ಕಾಕಾಗಳಿಗೂ, ರೆಡ್‌ಲೈನ್ ಹುಡುಗರಿಗೂ

ಭಾಗ 1/10

ಫೋಟೊದಲ್ಲಿ ಕಾಣ್ತಿರೋದು ನಾನು ಡಿಲೀಟ್ ಮಾಡಿದ ರೀಲ್‌ನ ಸ್ಕ್ರೀನ್‌ಶಾಟ್.

ಹೋದ ವರ್ಷ ಆಯುಧ ಪೂಜೆ ದಿನ ಹಾಕಿದ್ದೆ. ಶೋರೂಮ್ ಮುಂದೆ ಹೊಸ ಗಾಡಿ, ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ, ಟೈರ್ ಕೆಳಗೆ ನಿಂಬೆಹಣ್ಣು. ಗಾಡಿ ನಮ್ಮ ದೊಡ್ಡಪ್ಪನ ಮಗ ಅಣ್ಣಂದು. ಥ್ರಾಟಲ್ ಮೇಲಿದ್ದ ಕೈ ಮಾತ್ರ ನಂದು. ನಿಂಬೆಹಣ್ಣು ಚಪ್ಪಟೆ ಆಗಿದ್ದೇ ತಡ, ನ್ಯೂಟ್ರಲ್‌ನಲ್ಲೇ ನಿಲ್ಲಿಸಿ ಲಿಮಿಟರ್ ಬಡಿಯೋವರೆಗೂ ರೇಸ್ ಮಾಡಿದೆ. ಮೀಟರ್‌ನಲ್ಲಿ ಓಡಿದ್ದು 2 ಕಿ.ಮೀ. ಕೆಳಗೆ ನಾನೇ ಬರೆದ ಸಾಲು: "ರನ್ನಿಂಗ್-ಇನ್ ಎಲ್ಲ ಹೆದರೋರಿಗೆ."

ಅಣ್ಣ ಪಕ್ಕದಲ್ಲಿ ನಿಂತು ನಗ್ತಿದ್ದ. ಪಾಪ, ನಾನು ಮೆಕ್ಯಾನಿಕಲ್ ಓದೋನು, ಗೊತ್ತಿರ್ತದೆ ಅಂದ್ಕೊಂಡಿದ್ದ.

ನನ್ನ ಅಕೌಂಟ್‌ನಲ್ಲಿ ಅತಿ ಹೆಚ್ಚು ಜನ ನೋಡಿದ ರೀಲ್ ಅದೇ. ನಾನು ಕಷ್ಟಪಟ್ಟು ಮಾಡಿದ ಚೈನ್ ಕ್ಲೀನಿಂಗ್ ವಿಡಿಯೋನ ನೋಡಿದೋರು ನಮ್ಮ ಕ್ಲಾಸಿನ ಅರ್ಧ ಜನ ಕೂಡ ಇಲ್ಲ.

ಈ ವರ್ಷ ಯುಗಾದಿಗೆ ನಮ್ಮ ಜೂನಿಯರ್ ಒಬ್ಬ ಹೊಸ ಗಾಡಿ ತಗೊಂಡ. ರಾತ್ರಿ ಮೆಸೇಜ್ ಬಂತು: "ಅಣ್ಣಾ, ನಿಮ್ ರೀಲ್ ನೋಡಿ ಹಂಗ ಮಾಡೀನಿ. ಬೆಂಕಿ!" ನಾನು ಎರಡು ಬೆಂಕಿ ಇಮೋಜಿ ಕಳಿಸಿ ಮಲ್ಕೊಂಡೆ. ಮೂರನೇ ದಿನ ಅವನು ಆಸ್ಪತ್ರೆಯಲ್ಲಿದ್ದ.

ಅವನ ಅನುಮತಿ ಕೇಳಿ ಬರೀತಿದೀನಿ. ಹೆಸರು ಹಾಕಲ್ಲ. ಕಾಮೆಂಟ್‌ನಲ್ಲಿ ನೀವೂ ಹಾಕ್ಬೇಡಿ.

ಹತ್ತು ಭಾಗ ಇದೆ. ಉದ್ದ ಆಯ್ತು ಅನ್ನೋರು ಸೇವ್ ಮಾಡ್ಕೊಂಡು ಆಮೇಲೆ ಓದಿ. ಹೊಸ ಗಾಡಿ ಬುಕ್ ಮಾಡಿರೋರು ಇವತ್ತೇ ಓದಿ.

—

ಭಾಗ 2/10

ಮೊದಲು ಕಾಕಾಗಳ ಪಾರ್ಟಿ.

ಪ್ರತಿ ಓಣಿಯಲ್ಲೂ ಒಬ್ರು ಇರ್ತಾರೆ. ಹೊಸ ಗಾಡಿ ಬಂದ ಸಂಜೆ, ಪೇಡೆ ಬಾಯಿಗೆ ಹಾಕ್ಕೊಂಡು ಟ್ಯಾಂಕ್ ಮೇಲೆ ಕೈ ಇಟ್ಟು ಹೇಳ್ತಾರೆ: "ತಮ್ಮಾ, ಸಾವಿರ ಕಿಲೋಮೀಟರ್ ಆಗೂ ತನಕ ನಲವತ್ತು ದಾಟಬ್ಯಾಡ. ಎಂಜಿನ್ ಜಾಮ್ ಆಗ್ತೈತಿ."

ಇದನ್ನ ಕೇಳಿ ನಗಬೇಡಿ. ಅವರು ಸುಳ್ಳು ಹೇಳ್ತಿಲ್ಲ. ಅವರ ಗಾಡಿಗೆ ಅದು ನಿಜ ಆಗಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನೆನಪಿಸ್ಕೊಳ್ಳಿ. 1960ರ ದಶಕದಿಂದ 1996ರಲ್ಲಿ ಬಾಗಿಲು ಹಾಕೋವರೆಗೆ ಜಾವಾ, ಆಮೇಲೆ ಯಜ್ಡಿ, ಅಲ್ಲಿಂದಲೇ ಹೊರಗೆ ಬಂದವು. ಟೂ-ಸ್ಟ್ರೋಕ್ ಎಂಜಿನ್. ಅದರಲ್ಲಿ ಎಣ್ಣೆ ತುಂಬಿದ ಬೇರೆ ಸಂಪ್‌ನಿಂದ ಪಿಸ್ಟನ್‌ಗೆ ಎಣ್ಣೆ ಬರಲ್ಲ. ಪೆಟ್ರೋಲ್ ಜೊತೆ ಕಲಸಿದ ಟೂ-ಟಿ ಆಯಿಲ್ ಎಷ್ಟು ಒಳಗೆ ಹೋಗ್ತದೋ ಅಷ್ಟೇ. ಹೊಸ ಪಿಸ್ಟನ್ ಬಿಸಿಯಾಗಿ ಹಿಗ್ಗಿ, ಎಣ್ಣೆ ಸಾಲದೆ, ಸಿಲಿಂಡರ್ ಗೋಡೆಗೆ ಕಚ್ಚಿಕೊಂಡ್ರೆ ಹಿಂದಿನ ಚಕ್ರ ಅಲ್ಲೇ ಲಾಕ್. ಹಂಗೆ ಬಿದ್ದೋರನ್ನ ಕಾಕಾಗಳು ಕಣ್ಣಾರೆ ನೋಡಿದಾರೆ. "ಜಾಮ್" ಅನ್ನೋ ಮಾತಿನ ಹಿಂದೆ ಅಂಥಾ ನೆನಪಿದೆ.

ಈಗಿನ ಗಾಡಿ ಹಂಗಿಲ್ಲ. ಫೋರ್-ಸ್ಟ್ರೋಕ್, ಪಂಪ್‌ನಿಂದ ಒತ್ತಡದಲ್ಲಿ ಓಡಾಡೋ ಎಣ್ಣೆ, ಸುತ್ತ ನೀರಿನ ಕೂಲಿಂಗ್. ಎಷ್ಟೋ ಸ್ಪೋರ್ಟ್ಸ್ ಬೈಕ್‌ಗಳ ಅಲ್ಯೂಮಿನಿಯಂ ಸಿಲಿಂಡರ್ ಒಳಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿಸಿದ ಗಟ್ಟಿ ಲೇಪನ ಇರ್ತದೆ. ಕಾಕಾ ಹೆದರೋ ಆ ರೋಗ ಇಲ್ಲಿ ಅಪರೂಪ.

ರೋಗ ಬದಲಾಗಿದೆ, ಔಷಧಿ ಮಾತ್ರ ಅದೇ ಕೊಡ್ತಿದೀವಿ. ನನ್ನ ಮೊದಲ ತಕರಾರು ಇದು.

—

ಭಾಗ 3/10

ಒಳಗೆ ನಿಜವಾಗಿ ಏನಾಗ್ತದೆ? (ಇದೊಂದು ಭಾಗ ಸ್ವಲ್ಪ ಕ್ಲಾಸ್ ಥರ. ಸಹಿಸ್ಕೊಳ್ಳಿ.)

ಪಿಸ್ಟನ್ ಸುತ್ತ ರಿಂಗ್‌ಗಳಿರ್ತವೆ. ಮೇಲಿನ ರಿಂಗ್ ಕೆಲಸ ಒಂದೇ, ಉರಿದ ಗ್ಯಾಸ್ ಕೆಳಗೆ ನುಸುಳದಂತೆ ತಡೆಯೋದು. ಆ ರಿಂಗ್ ಗೋಡೆಗೆ ಒತ್ತಿಕೊಳ್ಳೋದು ತನ್ನ ಸ್ಪ್ರಿಂಗ್ ಬಲದಿಂದ ಮಾತ್ರ ಅಂದ್ಕೊಂಡಿದ್ದೆ ನಾನು. ತಪ್ಪು. ಪೆಟ್ರೋಲ್ ಉರಿದಾಗ ಹುಟ್ಟೋ ಒತ್ತಡ ರಿಂಗ್‌ನ ಹಿಂದೆ ಹೊಕ್ಕು ಅದನ್ನ ಹೊರಗೆ ತಳ್ತದೆ. ಎಂಜಿನ್ ಮೇಲೆ ಭಾರ ಹೆಚ್ಚಾದಷ್ಟೂ ರಿಂಗ್ ಗೋಡೆಗೆ ಬಲವಾಗಿ ಒತ್ತಿಕೊಳ್ತದೆ.

ಗೋಡೆ ಕನ್ನಡಿ ಥರ ನುಣ್ಣಗಿರಲ್ಲ. ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿ, ಒಂದರ ಮೇಲೊಂದು ಅಡ್ಡ ಹಾಯೋ ಸಣ್ಣ ಗೆರೆ ಎಳೆದಿರ್ತಾರೆ. ಗೆರೆಯ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು. ಗೆರೆಯ ಏರಿನ ತುದಿ ರಿಂಗ್ ಜೊತೆ ಉಜ್ಜಿ ಸವೆದು ಸಮ ಆಗಬೇಕು. ರಿಂಗ್‌ಗೂ ಗೋಡೆಗೂ ಹೊಂದಾಣಿಕೆ ಆಗೋದು ಹೀಗೆ. ಗೇರ್ ಹಲ್ಲು, ಕ್ಲಚ್ ಪ್ಲೇಟ್‌ಗಳೂ ತಮ್ಮ ತಮ್ಮ ಜಾಗದಲ್ಲಿ ಹಿಂಗೇ ಪಳಗ್ತವೆ.

ನಮ್ಮ ಅಜ್ಜಿಗೆ ಇದು ಗೊತ್ತಿತ್ತು. ಹೊಸ ಒಳಕಲ್ಲು ಮನೆಗೆ ಬಂದ್ರೆ ಮೊದಲು ಅಕ್ಕಿ ಹಾಕಿ ಅರೆದು, ಆ ಹಿಟ್ಟು ಚೆಲ್ಲೋರು. ಮತ್ತೆ ಅರೆಯೋದು, ಮತ್ತೆ ಚೆಲ್ಲೋದು. ಕಲ್ಲಿನ ಚೂರು ಹೋಗಬೇಕು, ಗುಂಡು ಕಲ್ಲಿಗೂ ಒಳಕಲ್ಲಿಗೂ ಹೊಂದಬೇಕು. ಅರೆಯದೆ ಸುಮ್ನೆ ಸವರಿದ್ರೆ ಹೊಂದಲ್ಲ. ಒಣಕಲ್ಲನ್ನ ಜೋರಾಗಿ ತಿರುವಿದ್ರೂ ಕೆಡ್ತದೆ.

ಈ ಎರಡು ಮಾತು ಮುಂದಕ್ಕೆ ಬೇಕು. ಭಾರವೇ ಇಲ್ಲದಿದ್ರೆ ರಿಂಗ್ ಕೂರಲ್ಲ. ಬಿಡುವಿಲ್ಲದ ಶಾಖ ಬಂದ್ರೆ ಏನೂ ಉಳಿಯಲ್ಲ.

—

ಭಾಗ 4/10

ಫೋಟೊ: ನನ್ನ ಮೊದಲ ಗಾಡಿ, 200 ಸಿಸಿ. ಈಗ ಬೇರೆಯೋರ ಹತ್ರ ಇದೆ.

ಪಿಯುಸಿ ಮುಗಿದ ಮೇಲೆ ಅಪ್ಪ ಕೊಡಿಸಿದ್ದು. ನಾನು ಕಾಕಾ ಹೇಳಿದ್ದನ್ನ ವೇದ ಅಂದ್ಕೊಂಡೆ. ಹುಬ್ಬಳ್ಳಿಯಿಂದ ಧಾರವಾಡ, ಧಾರವಾಡದಿಂದ ಹುಬ್ಬಳ್ಳಿ, ನಲವತ್ತು, ಟಾಪ್ ಗೇರ್. ಕೆಲವೊಮ್ಮೆ ಗಾಡಿ ಗುದ್ದಾಡ್ತಿತ್ತು. "ಹೊಸಾದು, ಹಂಗೇ ಇರ್ತದೆ" ಅಂದ್ಕೊಂಡೆ. ಸಿಟಿ ಬಸ್ಸುಗಳು ನನ್ನನ್ನ ದಾಟಿ ಹೋಗ್ತಿದ್ವು. ಕ್ಲಾಸಿನೋರು "ಏ, ಹಾಲಿನ ಗಾಡಿ" ಅಂತಿದ್ರು. ಸಾವಿರ ಕಿ.ಮೀ. ತಪಸ್ಸು ಮಾಡಿದೆ.

ಎರಡನೇ ವರ್ಷ ಶುರು ಆಗೋ ಹೊತ್ತಿಗೆ ಸರ್ವಿಸ್‌ನಿಂದ ಸರ್ವಿಸ್‌ಗೆ ಎಣ್ಣೆ ಕಮ್ಮಿ ಆಗ್ತಾ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ. ಗ್ಯಾರೇಜಿನ ಮಾಮಾ ಬಿಚ್ಚಿ ತೋರಿಸಿದ್ರು. ಸಿಲಿಂಡರ್ ಒಳಗೆ ಗಾಜಿನ ಥರ ಹೊಳಪು, ಅದರ ಮೇಲೆ ಕಂದು ವಾರ್ನಿಶ್ ಬಳಿದಂಗೆ ಒಂದು ಪದರ. ಹೋನಿಂಗ್ ಗೆರೆಗಳು ಕೆಳಗೆ ಮುಚ್ಚಿಹೋಗಿದ್ವು. ಅವರು ಅದಕ್ಕೆ ಹೇಳಿದ್ದು ಒಂದೇ ಪದ: "ಗ್ಲೇಜ್."

ರಿಂಗ್ ಗೋಡೆಗೆ ಸರಿಯಾಗಿ ಒತ್ತದೆ ಇದ್ದಾಗ ಎಣ್ಣೆ ಗೋಡೆ ಮೇಲೆ ಉಳಿದು, ಉರಿದು, ಗಟ್ಟಿ ಪದರ ಆಗ್ತದೆ. ಒಂದು ಸಲ ಪದರ ಕೂತ್ರೆ ರಿಂಗ್‌ಗೆ ಗೆರೆ ಸಿಗೋದೇ ಇಲ್ಲ. ಎಣ್ಣೆ ಕುಡಿಯೋದು ನಿಲ್ಲಲ್ಲ.

ನನ್ನ ನಲವತ್ತೇ ಇದಕ್ಕೆ ಒಂದೇ ಕಾರಣ ಅಂತ ಸಾಬೀತು ಮಾಡಕ್ಕೆ ಆಗಲ್ಲ. ಈಗಿನ ಎಂಜಿನ್‌ಗಳಲ್ಲಿ ಗ್ಲೇಜ್ ಆಗೋದು ಕಮ್ಮಿ ಅಂತ ಮಾಮಾ ಅವರೇ ಅಂದ್ರು. ಆದ್ರೆ ಹೊಸ ಎಂಜಿನ್‌ಗೆ ಸಾವಿರ ಕಿ.ಮೀ. ಕೆಲಸವನ್ನೇ ಕೊಡದೆ ಇದ್ದೋನು ನಾನು. ರಿಂಗ್ ಬದಲಾಯ್ತು, ಹೋನಿಂಗ್ ಆಯ್ತು. ಬಿಲ್ ಅಪ್ಪನ ಕೈಗೆ ಹೋಯ್ತು. ಅಪ್ಪ ಏನೂ ಬೈಲಿಲ್ಲ. "ನಿಧಾನ ಓಡಿಸಿದ್ಯಲ್ಲೋ, ಮತ್ಯಾಕ ಕೆಟ್ತು?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಆ ಸಿಟ್ಟಿಗೆ ನಾನು ಸೀದಾ ಎದುರು ಪಾರ್ಟಿ ಸೇರಿದೆ.

—

ಭಾಗ 5/10

ಎದುರು ಪಾರ್ಟಿ: "ಹಾರ್ಡ್ ಬ್ರೇಕ್-ಇನ್" ಹುಡುಗರು. ಅಂದ್ರೆ ನಾವು.

ನಮ್ಮ ಧರ್ಮಗ್ರಂಥ ಇಂಟರ್ನೆಟ್‌ನಲ್ಲಿ ತುಂಬಾ ವರ್ಷದಿಂದ ಓಡಾಡ್ತಿರೋ ಅಮೆರಿಕದ ಒಂದು ಲೇಖನ. ಬರೆದೋರು "ಮೋಟೋಮ್ಯಾನ್" ಅನ್ನೋ ಹೆಸರಿನವರು. ಸಾರಾಂಶ: ಮೊದಲ 20 ಮೈಲಿ, ಅಂದ್ರೆ ಸುಮಾರು 32 ಕಿ.ಮೀ., ಬಹಳ ಮುಖ್ಯ. ಆಗಲೇ ಎಂಜಿನ್‌ಗೆ ಗಟ್ಟಿ ಭಾರ ಕೊಟ್ರೆ ರಿಂಗ್ ಚೆನ್ನಾಗಿ ಕೂರ್ತದೆ.

ಭಾರ ಬೇಕು ಅನ್ನೋ ಮಾತಲ್ಲಿ ಹುರುಳಿದೆ. ಭಾಗ 3ರಲ್ಲಿ ನಾನೇ ಹೇಳಿದೆ. ಆದ್ರೆ ಆ ಲೇಖನವನ್ನ ಪೂರ್ತಿ ಓದಿದೋರು ನಮ್ಮಲ್ಲಿ ಎಷ್ಟು ಜನ? ಅದರಲ್ಲೂ ಎಂಜಿನ್ ಮೊದಲು ಬಿಸಿ ಆಗಲಿ ಅಂತಿದೆ. ವೇಗ ಏರಿಸಿ, ಆಮೇಲೆ ಥ್ರಾಟಲ್ ಬಿಟ್ಟು ಇಳಿಸಿ ಅಂತಿದೆ. ಎಣ್ಣೆ ಬೇಗ ಬದಲಿಸಿ ಅಂತಿದೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಲಿಮಿಟರ್ ಬಡೀರಿ ಅಂತ ಎಲ್ಲೂ ಇಲ್ಲ.

ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದ್ರೆ ಏನು ಸಿಗ್ತದೆ ಲೆಕ್ಕ ಹಾಕಿ. ಹಿಂದಿನ ಚಕ್ರ ತಿರುಗ್ತಿಲ್ಲ, ಹಾಗಾಗಿ ಭಾರ ಇಲ್ಲ, ರಿಂಗ್ ಹಿಂದೆ ಹೇಳಿಕೊಳ್ಳೋ ಒತ್ತಡ ಇಲ್ಲ. ಗಾಡಿ ನಿಂತಿದೆ, ರೇಡಿಯೇಟರ್‌ಗೆ ಎದುರುಗಾಳಿ ಇಲ್ಲ. ಎಣ್ಣೆ ಇನ್ನೂ ತಣ್ಣಗಿದೆ. ಆರ್‌ಪಿಎಂ ಮಾತ್ರ ಆಕಾಶದಲ್ಲಿ. ಕಾಕಾ ತಪ್ಪು, ಹುಡುಗರ ತಪ್ಪು ಎರಡನ್ನೂ ಒಂದೇ ಸಲ ಮಾಡಿದಂಗೆ. ನನ್ನ ರೀಲ್‌ನಲ್ಲಿ ಇದ್ದದ್ದು ಅದೇ ಹನ್ನೊಂದು ಸೆಕೆಂಡ್.

"ರೇಸ್ ಎಂಜಿನ್ ಡೈನೋ ಮೇಲೆ ಕೆಲವೇ ಗಂಟೆಯಲ್ಲಿ ಬ್ರೇಕ್-ಇನ್ ಮಾಡ್ತಾರಲ್ಲಾ?" ಮಾಡ್ತಾರೆ. ಪಕ್ಕದಲ್ಲಿ ಎಂಜಿನಿಯರ್ ನಿಂತು ತಾಪಮಾನ ನೋಡ್ತಿರ್ತಾನೆ. ಆ ಎಂಜಿನನ್ನ ಮತ್ತೆ ಮತ್ತೆ ಬಿಚ್ಚಿ ಭಾಗ ಬದಲಿಸ್ತಾರೆ. ನಿನ್ನ ಗಾಡಿ ಇಎಂಐ ಮುಗಿಯೋವರೆಗಾದ್ರೂ ಓಡಬೇಕು ಮಾರಾಯ.

"ಕಾರ್ಖಾನೆಯಲ್ಲೇ ಓಡಿಸಿ ಟೆಸ್ಟ್ ಮಾಡಿರ್ತಾರಲ್ಲಾ?" ಹೊರಗೆ ಕಳಿಸೋ ಮುಂಚೆ ತಪಾಸಣೆಗೆ ಸ್ವಲ್ಪ ಹೊತ್ತು ಓಡಿಸೋದು ಬೇರೆ, ಭಾಗಗಳು ಪಳಗೋದು ಬೇರೆ. ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿದ್ದಕ್ಕೆ ಪಾಸಾದೆ ಅಂದಂಗಾಯ್ತು.

—

ಭಾಗ 6/10

ಫೋಟೊ: ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಮಲಗಿರೋ ಪುಸ್ತಕ. ಹೆಸರು ಓನರ್ಸ್ ಮ್ಯಾನುಯಲ್. ನಮ್ಮ ದೇಶದಲ್ಲಿ ಯಾರೂ ಬಿಚ್ಚದ ಪುಸ್ತಕ.

ಎರಡೂ ಪಾರ್ಟಿಯೋರು ಇದನ್ನ ಓದದೇ ಜಗಳ ಆಡ್ತಾರೆ. ಕಾಕಾ "ಕಂಪನಿನೇ ನಿಧಾನ ಓಡಿಸು ಅಂತದ" ಅಂತಾರೆ. ಹುಡುಗರು "ಅದು ವಕೀಲರು ಬರೆದದ್ದು, ವಾರಂಟಿ ಭಯಕ್ಕೆ" ಅಂತಾರೆ. ನಾನು ಗೆಳೆಯರ ಗಾಡಿಗಳದ್ದೂ, ಪಿಡಿಎಫ್ ಸಿಕ್ಕಿದ್ದೂ ಕೂತು ಓದಿದೆ. ಕೇಳಿ.

ಕವಾಸಕಿ ನಿಂಜಾ 300: ಮೊದಲ 800 ಕಿ.ಮೀ. 4000 ಆರ್‌ಪಿಎಂ ಒಳಗೆ, 800ರಿಂದ 1600 ಕಿ.ಮೀ. 6000 ಒಳಗೆ. ಅದರ ಗರಿಷ್ಠ ಶಕ್ತಿ ಹುಟ್ಟೋದು 11000ದಲ್ಲಿ. ಅಂದ್ರೆ ಇದು ಬಿಗಿ ಮಿತಿ. ಗಮನಿಸಿ, ಮಿತಿ ಇರೋದು ಆರ್‌ಪಿಎಂಗೆ. ಸ್ಪೀಡೋಮೀಟರ್‌ನ ನಲವತ್ತಕ್ಕೆ ಅಲ್ಲ.

ಸುಜುಕಿಯ ದೊಡ್ಡ ಸ್ಪೋರ್ಟ್ಸ್ ಬೈಕುಗಳ ಮ್ಯಾನುಯಲ್ ಓದಿದಾಗ ನಾನು ಎದ್ದು ಕೂತೆ. ಒಂದೇ ವೇಗದಲ್ಲಿ ಓಡಿಸಬೇಡಿ, ಏರಿಳಿಸ್ತಾ ಇರಿ. ಭಾರ ಬೀಳಬೇಕು, ಮತ್ತೆ ಇಳಿದು ತಣ್ಣಗಾಗಬೇಕು. ಹೊಂದಾಣಿಕೆ ಆಗೋಕೆ ಎಂಜಿನ್ ಭಾಗಗಳ ಮೇಲೆ ಒಂದಿಷ್ಟು ಒತ್ತಡ ಬೀಳಲೇಬೇಕು. ಹಗುರ ಭಾರದಲ್ಲಿ ಒಂದೇ ಸಮ ನಿಧಾನ ಓಡಿಸಿದ್ರೆ ಭಾಗಗಳು ಗ್ಲೇಜ್ ಆಗಬಹುದು. ಜೊತೆಗೇ ಇನ್ನೊಂದು ಸಾಲು: ಮೊದಲ 1600 ಕಿ.ಮೀ. ಫುಲ್ ಥ್ರಾಟಲ್ ಬೇಡ.

ನೋಡಿದ್ರಾ? ನನ್ನ 200ರ ಕಥೆ, ಹುಡುಗರ "ಭಾರ ಬೇಕು" ವಾದ, ಕಾಕಾರ "ಹುಷಾರು", ಮೂರೂ ಒಂದೇ ಪುಟದಲ್ಲಿ. ವಕೀಲರು ಹಿಂಗೆ ಬರೆಯಲ್ಲ.

ಬಿಎಂಡಬ್ಲ್ಯು ಎಸ್ 1000 ಆರ್‌ಆರ್‌ನಲ್ಲಂತೂ ನಮ್ಮನ್ನ ನಂಬೋದೇ ಇಲ್ಲ. ಮೊದಲ ಸರ್ವಿಸ್ ಆಗೋವರೆಗೆ 9000 ಆರ್‌ಪಿಎಂ ದಾಟದಂತೆ ಎಲೆಕ್ಟ್ರಾನಿಕ್ ತಡೆ ಹಾಕಿರ್ತಾರೆ, ಡೀಲರ್ ತೆಗೀಬೇಕು.

ಒಂದೊಂದು ಕಂಪನಿ ಒಂದೊಂದು ಅಂಕಿ ಕೊಡೋದು ಎಂಜಿನ್ ಬೇರೆ ಬೇರೆ ಅಂತ. ಅಣ್ಣನ ಗಾಡಿಯ ಅಂಕಿ ನಿನ್ನ ಗಾಡಿಗೆ ಬೇಡ.

—

ಭಾಗ 7/10

ಈಗ ಜೂನಿಯರ್ ವಿಷಯ. ಇದನ್ನ ಬರೆಯೋಕೇ ಇಷ್ಟು ಹೊತ್ತು ಸುತ್ತಿ ಬಂದೆ.

ಗಾಡಿ ಬಂದ ಮೂರನೇ ದಿನ. ಮೀಟರ್‌ನಲ್ಲಿ 61 ಕಿ.ಮೀ. ಕ್ಯಾಂಪಸ್ ಹಿಂದಿನ ರಸ್ತೆಯ ತಿರುವು. ಹಿಂದೆ ಇನ್ನೊಂದು ಗಾಡಿಯಲ್ಲಿ ಗೆಳೆಯ ಮೊಬೈಲ್ ಹಿಡಿದಿದ್ದ. ತಿರುವಿಗೆ ಬಗ್ಗಿಸಿದ, ಸ್ವಲ್ಪ ಥ್ರಾಟಲ್ ಕೊಟ್ಟ, ಹಿಂದಿನ ಟೈರ್ ಜಾರಿತು. ಎಡ ಭುಜದ ಮೇಲೆ ಬಿದ್ದ. ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿದಾರೆ. ಹೆಲ್ಮೆಟ್ ಇತ್ತು. ಅದಕ್ಕೇ ಈ ಭಾಗ ಇಷ್ಟಕ್ಕೇ ಮುಗೀತಿದೆ.

ನಾನು ಗಾಡಿ ನೋಡೋಕೆ ಹೋಗಿದ್ದೆ. ಸ್ಟಾರ್ಟ್ ಮಾಡಿದ್ವಿ. ಎಂಜಿನ್ ಹೂವಿನ ಥರ ಓಡ್ತಿತ್ತು. ಅದಕ್ಕೇನೂ ಆಗಿರಲಿಲ್ಲ.

ಆಗ ನನಗೆ ಹೊಳೀತು. ಎಂಜಿನ್‌ಗೆ ನಲವತ್ತಾ, ರೆಡ್‌ಲೈನಾ ಅಂತ ನಾವು ವರ್ಷಗಟ್ಟಲೆ ಕಿತ್ತಾಡಿದ್ವಿ. ಟೈರ್ ಹೊಸದು ಅಂತ ಒಬ್ಬನೂ ಹೇಳಲಿಲ್ಲ.

ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ನುಣುಪು ಇರ್ತದೆ. ಅದು ಸವೆದು ಒರಟಾಗಬೇಕು. ಮಧ್ಯದ ಪಟ್ಟಿ ಬೇಗ ಸವೀತದೆ, ಅಂಚು ಹಾಗೇ ಹೊಳೀತಿರ್ತದೆ, ಯಾಕಂದ್ರೆ ನೀನು ಇನ್ನೂ ಬಗ್ಗಿಸೇ ಇಲ್ಲ. ಮೊದಲ ಸಲ ಜೋರಾಗಿ ಬಗ್ಗಿಸಿದಾಗ ಸಿಗೋದು ಆ ಹೊಳೆಯೋ ಅಂಚು. ಬ್ರೇಕ್ ಪ್ಯಾಡ್ ಕೂಡ ಡಿಸ್ಕ್ ಜೊತೆ ಹೊಂದಿರಲ್ಲ, ಮೊದಮೊದಲು ಹಿಡಿತ ಕಮ್ಮಿ. "ಎಬಿಎಸ್ ಇದೆಯಲ್ಲ" ಅಂತೀರಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡೋದು ಎಬಿಎಸ್. ಇಲ್ಲದ ಹಿಡಿತವನ್ನ ಟೈರ್‌ಗೆ ತಂದು ಕೊಡಲ್ಲ.

ಎಲ್ಲಕ್ಕಿಂತ ಹೊಸದು ಮೇಲೆ ಕೂತೋನು. ನಿನ್ನೆವರೆಗೆ 110 ಸಿಸಿ ಸ್ಕೂಟರ್ ಓಡಿಸಿದ ಕೈ ಅದು.

ಅವನ ಅಪ್ಪ ಬಸ್ ಡ್ರೈವರ್. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು ಹೇಳಿದ್ರು: "ಡಿಪೋಕ್ಕ ಹೊಸಾ ಬಸ್ ಬಂದ್ರ ಮೊದಲ ವಾರ ನಾವು ಅದರ ಕಡಿಂದ ಕಲೀತಿದ್ವಿ. ಬ್ರೇಕ್ ಎಲ್ಲಿ ಹಿಡೀತೈತಿ, ಎಷ್ಟು ಅಗಲ ತಿರುಗತೈತಿ ಅಂತ. ನೀವು ಹುಡುಗ್ರು ಮೊದಲ ದಿನಾನ ಅದಕ್ಕ ಪಾಠ ಹೇಳಾಕ ಹೊಕ್ಕೀರಿ."

ಅವರಿಗೆ ಆ ರೀಲ್ ನಂದು ಅಂತ ಗೊತ್ತಿರಲಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾ ಕುಡದಿಯೇನು?" ಅಂದ್ರು. ರೀಲ್ ಡಿಲೀಟ್ ಆಗಿದ್ದು ಆ ರಾತ್ರಿ.

—

ಭಾಗ 8/10

ಶೋರೂಮ್‌ನೋರ ಪಾಲೂ ಇದೆ. ಹೆಸರು ಬೇಡ, ಎಲ್ಲಾ ಊರಲ್ಲೂ ಇದೇ ಕಥೆ ಅಂತ ನಿಮ್ಮ ಮೆಸೇಜ್ ಹೇಳ್ತಿವೆ.

ಅಣ್ಣನ ಡೆಲಿವರಿಗೆ ನಾನೇ ಹೋಗಿದ್ನಲ್ಲ. ಕೇಕ್ ಇತ್ತು, ದೊಡ್ಡ ಬೀಗದ ಕೈ ಗೊಂಬೆ ಇತ್ತು, ಫೋಟೊ ತೆಗೆಯೋನಿದ್ದ. ರಿವ್ಯೂನಲ್ಲಿ ಐದು ಸ್ಟಾರ್ ಹಾಕಿ ಅಂತ ಮೂರು ಸಲ ಕೇಳಿದ್ರು. ರನ್ನಿಂಗ್-ಇನ್ ಬಗ್ಗೆ ಬಂದದ್ದು ಒಂದೇ ಮಾತು: "ಸ್ವಲ್ಪ ನೋಡ್ಕೊಂಡು ಓಡಿಸಿ ಸರ್." ಟೈರ್ ಬಗ್ಗೆ ಮಾತೇ ಇಲ್ಲ. ಮ್ಯಾನುಯಲ್ ಎಲ್ಲಿದೆ ಅಂತ ತೋರಿಸಲಿಲ್ಲ. ನಾನು ನ್ಯೂಟ್ರಲ್‌ನಲ್ಲಿ ಲಿಮಿಟರ್ ಬಡಿದಾಗ ಸೇಲ್ಸ್ ಹುಡುಗ ಚಪ್ಪಾಳೆ ಹೊಡೆದ. ಅವನೂ ನಮ್ಮ ವಯಸ್ಸಿನೋನೇ. ಅವನಿಗೂ ಯಾರೂ ಹೇಳಿಕೊಟ್ಟಿಲ್ಲ.

ಮೊದಲ ಸರ್ವಿಸ್‌ಗೆ ಹೋದಾಗ ಇನ್ನೊಂದು ನಾಟಕ. "ಎಂಜಿನ್ ಕೋಟಿಂಗ್ ಹಾಕ್ಸಿ ಸರ್, ಸ್ಮೂತ್ ಆಗ್ತದೆ." ಮ್ಯಾನುಯಲ್‌ನಲ್ಲಿ ಇಲ್ಲದ್ದನ್ನ ಎಣ್ಣೆಗೆ ಸೇರಿಸೋಕೆ ಹೋಗ್ಬೇಡಿ. ನಮ್ಮ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಇರೋದೇ ಎಂಜಿನ್ ಎಣ್ಣೆಯ ಒಳಗೆ. ಜಾರಿಕೆ ಹೆಚ್ಚಿಸೋ ವಸ್ತು ಬಿದ್ರೆ ಕ್ಲಚ್ಚೂ ಜಾರಬಹುದು. ಅದಕ್ಕೇ ಬೈಕ್ ಎಣ್ಣೆ ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಗುರುತಿರ್ತದೆ. ಕಾರಿಗೆ ಅಂತ ಇರೋ ಎಣ್ಣೆ ಅಗ್ಗಕ್ಕೆ ಸಿಕ್ತು ಅಂತ ಸುರೀಬೇಡಿ.

ಮೊದಲ ಸರ್ವಿಸ್ ಮಾತ್ರ ತಪ್ಪಿಸಬೇಡಿ. ಅಜ್ಜಿ ಚೆಲ್ಲಿದ ಹಿಟ್ಟು ನೆನಪಿದೆಯಲ್ಲ? ಭಾಗಗಳು ಹೊಂದುವಾಗ ಉದುರೋ ಲೋಹದ ಪುಡಿ ಆ ಮೊದಲ ಎಣ್ಣೆಯಲ್ಲೇ ಇರ್ತದೆ. ಎಣ್ಣೆ, ಫಿಲ್ಟರ್ ಎರಡೂ ಬದಲಾಗಲಿ. ಸಾಧ್ಯ ಆದ್ರೆ ಎದುರು ನಿಂತು ನೋಡಿ. ಹೊರಬರೋ ಎಣ್ಣೆಯನ್ನ ಬಿಸಿಲಿಗೆ ಹಿಡಿದ್ರೆ ಮಿಣಮಿಣ ಕಾಣ್ತದೆ. ಬಿಲ್ ಜೋಪಾನ ಇಟ್ಕೊಳ್ಳಿ, ವಾರಂಟಿ ಮಾತು ಬಂದಾಗ ಬೇಕಾಗ್ತದೆ.

—

ಭಾಗ 9/10

"ಸರಿ ಗುರು, ಬೈದಿದ್ದು ಸಾಕು, ಏನ್ಮಾಡ್ಲಿ ಹೇಳು." ಹೇಳ್ತೀನಿ. ಸ್ಕ್ರೀನ್‌ಶಾಟ್ ತಗೊಳ್ಳಿ.

1. ಡೆಲಿವರಿ ಹಿಂದಿನ ದಿನವೇ ನಿಮ್ಮ ಮಾಡೆಲ್‌ನ ಮ್ಯಾನುಯಲ್ ಹುಡುಕಿ ರನ್ನಿಂಗ್-ಇನ್ ಪುಟ ಓದಿ. ಆರ್‌ಪಿಎಂ ಮಿತಿಯನ್ನ ಚೀಟಿಯಲ್ಲಿ ಬರೆದು ಟ್ಯಾಂಕ್‌ಗೆ ಅಂಟಿಸಿ. ಅದೊಂದು ಸ್ಟಿಕ್ಕರ್‌ಗೆ ಯಾರೂ ನಗಲ್ಲ.

2. ಸ್ಟಾರ್ಟ್ ಮಾಡಿ ಎಣ್ಣೆ ಓಡಾಡೋಕೆ ಸ್ವಲ್ಪ ಸಮಯ ಕೊಡಿ. ಆಮೇಲೆ ಮೆತ್ತಗೆ ಹೊರಡಿ. ಪೂರ್ತಿ ಬಿಸಿ ಆಗೋವರೆಗೆ ಅವಸರ ಬೇಡ. ನ್ಯೂಟ್ರಲ್ ರೇಸ್ ಯಾವತ್ತೂ ಬೇಡ.

3. ಮಿತಿಯ ಒಳಗೆ ಎಲ್ಲ ಗೇರನ್ನೂ ಬಳಸಿ. ವೇಗ ಏರಿಸಿ, ಥ್ರಾಟಲ್ ಬಿಟ್ಟು ಇಳಿಸಿ, ಮತ್ತೆ ಏರಿಸಿ. ಟಾಪ್ ಗೇರ್‌ನಲ್ಲಿ ಎಂಜಿನ್ ಗುದ್ದಾಡಿದ್ರೆ ಒಂದು ಗೇರ್ ಕೆಳಗಿಳಿಸಿ.

4. ರಸ್ತೆ ಆಯ್ಕೆ ಮಾಡ್ಕೊಳ್ಳಿ. ಧಾರವಾಡದಿಂದ ಬೆಳಗಾವಿಗೆ ಎನ್‌ಎಚ್ 48ರಲ್ಲಿ ಒಂದೇ ಥ್ರಾಟಲ್ ಹಿಡಿದು ಹೋಗೋದು ರನ್ನಿಂಗ್-ಇನ್‌ಗೆ ಪ್ರಯೋಜನ ಇಲ್ಲ. ಹಳಿಯಾಳ ಮೇಲೆ ದಾಂಡೇಲಿ ಕಡೆ ಹೋಗಿ. ಊರು ಬರ್ತದೆ, ಏರು ಬರ್ತದೆ, ತಿರುವು ಬರ್ತದೆ, ಥ್ರಾಟಲ್ ತಾನೇ ಏರಿಳೀತದೆ. ಬೆಳಿಗ್ಗೆ ಹೊರಡಿ, ನಡುವೆ ಚಹಾಕ್ಕೆ ನಿಲ್ಲಿಸಿ. ಎಂಜಿನ್‌ಗೂ ಬಿಡುವು, ನಿಮಗೂ ಬಿಡುವು.

5. ಮೊದಲ ನೂರಿನ್ನೂರು ಕಿ.ಮೀ. ಟೈರ್ ನಂಬಬೇಡಿ. ಬಗ್ಗಿಸೋದನ್ನ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಮಳೆ ಬಂದ್ರೆ ಗಾಡಿ ಮನೆಯಲ್ಲಿರಲಿ.

6. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಮಧ್ಯಮ ವೇಗದಿಂದ ಬ್ರೇಕ್ ಹಿಡಿದು ಬಿಡಿ. ಹಲವು ಸಲ ಮಾಡಿ. ಪ್ಯಾಡ್ ಹೊಂದ್ತದೆ, ಗಾಡಿ ಎಷ್ಟು ದೂರಕ್ಕೆ ನಿಲ್ತದೆ ಅಂತ ನಿಮಗೂ ಗೊತ್ತಾಗ್ತದೆ.

7. ಎಣ್ಣೆ ಮಟ್ಟ, ಚೈನ್ ಸಡಿಲ, ಟೈರ್ ಗಾಳಿ ವಾರಕ್ಕೊಮ್ಮೆ ನೋಡಿ. ಹೊಸ ಚೈನ್ ಬೇಗ ಸಡಿಲ ಆಗ್ತದೆ.

8. ಮೊದಲ ಸರ್ವಿಸ್‌ವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ. ಇದು ಯಾವ ಮ್ಯಾನುಯಲ್‌ದೂ ಅಲ್ಲ, ನನ್ನ ಮಾತು. ಒಬ್ಬರೇ ಇದ್ರೆ ತೋರಿಸ್ಕೊಳ್ಳೋ ಚಪಲ ಕಮ್ಮಿ.

—

ಭಾಗ 10/10

ಮೊದಲ ಒಂಬತ್ತು ಭಾಗಕ್ಕೆ ಬಂದ ಕಾಮೆಂಟ್‌ಗಳಿಗೆ ಉತ್ತರ ಕೊಟ್ಟು ಮುಗಿಸ್ತೀನಿ.

"ನನ್ನ ಗಾಡಿ ಮೊದಲ ದಿನವೇ ರೆಡ್‌ಲೈನ್ ಮಾಡಿದೀನಿ, ಏನೂ ಆಗಿಲ್ಲ." ಸಂತೋಷ. ಈಗಿನ ಎಂಜಿನ್‌ಗಳು ಗಟ್ಟಿ, ನಮ್ಮ ಎಷ್ಟೋ ತಪ್ಪನ್ನ ನುಂಗ್ಕೊಳ್ತವೆ. ಅಣ್ಣನ ಗಾಡಿಯೂ ಇವತ್ತಿನವರೆಗೆ ಚೆನ್ನಾಗೇ ಇದೆ. ಆದ್ರೆ ನಿನ್ನನ್ನ ನೋಡಿ ಮಾಡೋ ಹುಡುಗನ ಟೈರ್ ಯಾವ ತಿರುವಿನಲ್ಲಿರ್ತದೆ ಅಂತ ನಿನಗೆ ಗೊತ್ತಾ? ನನಗೆ ಗೊತ್ತಿರಲಿಲ್ಲ.

"ಪರ್ಫಾರ್ಮೆನ್ಸ್ ಬೈಕ್ ತಗೊಂಡು ಮೆಲ್ಲಗೆ ಓಡಿಸೋಕಾ?" ಸಾವಿರ, ಹೆಚ್ಚು ಅಂದ್ರೆ ಸಾವಿರದ ಆರುನೂರು ಕಿ.ಮೀ. ಕಾಲೇಜಿಗೆ, ಊರಿಗೆ ಹೋಗಿ ಬರೋದ್ರಲ್ಲೇ ಮುಗೀತದೆ. ಅಂದಹಾಗೆ ನಮ್ಮ ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಕೇಂದ್ರದ ಮಿತಿ ಗಂಟೆಗೆ 80 ಕಿ.ಮೀ. ಟಾಪ್ ಸ್ಪೀಡ್ ರೀಲ್ ಆಮೇಲೂ ರಸ್ತೆಯಲ್ಲಿ ಮಾಡಬಾರದ್ದೇ.

"ಕಾಕಾಗಳಿಗೆ ಯಾಕೆ ಬೈದೆ?" ಬೈದಿಲ್ಲ. ನಲವತ್ತು ಹೇಳಿದ ನಮ್ಮ ಓಣಿ ಕಾಕಾಗೆ ಭಾಗ 2 ಓದಿ ಹೇಳಿದೆ. "ಹೌದೋ ಮಾರಾಯಾ, ನಮ್ ಯಜ್ಡಿ ಒಮ್ಮೆ ನವಲಗುಂದದ ಹಾದ್ಯಾಗ ಜಾಮ್ ಆಗಿತ್ತು, ನಾ ಹಾರಿ ಹೊಲದಾಗ ಬಿದ್ದಿದ್ದೆ" ಅಂದ್ರು. ಅವರು ಅಷ್ಟು ವರ್ಷ ಕೊಡ್ತಿದ್ದ ಬುದ್ಧಿಮಾತಿನ ಕಾರಣ ಅವತ್ತು ಗೊತ್ತಾಯ್ತು. ಕಾರಣ ಕೇಳದೆ ಮಾತನ್ನಷ್ಟೇ ತಗೊಂಡಿದ್ದು ನನ್ನ ತಪ್ಪು. ಕಾರಣ ಕೇಳದೆ ಮಾತನ್ನ ಎಸೆದಿದ್ದೂ ನನ್ನದೇ ತಪ್ಪು.

"ನೀನೇ ಮಾಡಿ ಈಗ ಉಪದೇಶ ಮಾಡ್ತಿದೀಯಾ?" ಹೌದು. ಮಾಡಿದೋನು ಹೇಳದೆ ಇದ್ರೆ ಇನ್ಯಾರು ಹೇಳ್ಬೇಕು?

ಜೂನಿಯರ್ ಈಗ ಕ್ಲಾಸಿಗೆ ಬರ್ತಿದಾನೆ. ಭುಜ ಮೇಲೆತ್ತೋಕೆ ಇನ್ನೂ ಪೂರ್ತಿ ಆಗಲ್ಲ. ಗಾಡಿ ಅವರ ಮನೆ ಪಡಸಾಲೆಯಲ್ಲಿ ಹೊದಿಕೆ ಹಾಕ್ಕೊಂಡು ನಿಂತಿದೆ, ಮೀಟರ್‌ನಲ್ಲಿ ಅದೇ 61. ಡಾಕ್ಟರ್ ಓಡಿಸು ಅಂದ ದಿನ ನಾವಿಬ್ರೂ ಹಳಿಯಾಳ ರಸ್ತೆಗೆ ಹೋಗೋದು ಅಂತ ಮಾತಾಗಿದೆ. ಅವನು ತನ್ನ ಗಾಡಿಯಲ್ಲಿ, ನಾನು ಅಣ್ಣನ ಗಾಡಿಯಲ್ಲಿ ಹಿಂದೆ. ಮೊಬೈಲ್ ಇಬ್ರದ್ದೂ ಜೇಬಿನಲ್ಲಿ.

ಈ ದಸರಾಕ್ಕೆ ಗಾಡಿ ತಗೋಳೋ ಗೆಳೆಯನಿಗೆ ಇದನ್ನ ಕಳಿಸಿ. ನಿಂಬೆಹಣ್ಣು ಇಡಿ, ಹಾರ ಹಾಕಿ, ಪೇಡೆ ಹಂಚಿ, ನನಗೂ ಒಂದು ತೆಗೆದಿಡಿ. ಥ್ರಾಟಲ್‌ಗೆ ಕೈ ಹಾಕೋ ಮುಂಚೆ ಸೀಟಿನ ಕೆಳಗಿನ ಆ ಪ್ಲಾಸ್ಟಿಕ್ ಕವರ್ ಹರೀರಿ.

#ರನ್ನಿಂಗ್_ಇನ್ #ಹೊಸಗಾಡಿ #ಮ್ಯಾನುಯಲ್_ಓದ್ರೋ #ಹುಬ್ಬಳ್ಳಿಧಾರವಾಡ #ಕನ್ನಡ_ರೈಡರ್ಸ್